ಕರಾವಳಿ ಬಯಲಿನ ಮರಳು ಮಣ್ಣಲ್ಲಿ ನೀರು ನಿಲ್ಲುತ್ತಾ? ಗುಂಡಿ ತೋಡಿ ನೋಡಿ

ಮರಳು ಅಂದ್ರೆ ನೀರು ಸರ್ರಂತ ಇಳಿದುಹೋಗುತ್ತೆ ಅಂತ ನಂಬ್ಕೊಂಡಿರ್ತೀವಿ, ಆದ್ರೆ ಸಮುದ್ರದ ಹತ್ರದ ಸಪಾಟು ಬಯಲಲ್ಲಿ ಆ ನೀರಿಗೆ ಹೋಗೋಕೆ ಜಾಗನೇ ಇರಲ್ಲ, ಯಾಕಂದ್ರೆ ಅಂತರ್ಜಲ ಮೇಲೇ ಇರುತ್ತೆ.

ಮಳೆಗಾಲದಲ್ಲೇ ಒಂದು ಮೀಟರ್ ಗುಂಡಿ ತೋಡಿ, ಬೇಸಿಗೇಲಿ ತೋಡಿದ್ರೆ ಮೋಸ ಹೋಗ್ತೀರ. ಕೆಲವು ಗಂಟೆ ಬಿಟ್ಟು ನೀರು ಎಲ್ಲಿಗೆ ಬಂದು ನಿಂತಿದೆ ನೋಡಿ. ಆಮೇಲೆ ಗೋಡೆಯ ಬಣ್ಣ ನೋಡಿ, ಮಜಾ ಇರೋದೇ ಇಲ್ಲಿ. ಫ್ಲೋರಿಡಾದ ಮಯಾಕಾ ಮಣ್ಣನ್ನೇ ತಗೊಳ್ಳಿ, ಮೇಲೆ ಕಪ್ಪುಬೂದು ಮರಳು, ಅದರ ಕೆಳಗೆ ತೊಳೆದಿಟ್ಟ ಹಾಗೆ ಬಿಳಿಚಿಕೊಂಡಿರೋ ಮರಳು, ಸುಮಾರು 50ರಿಂದ 75 ಸೆಂಟಿಮೀಟರ್ ಆಳಕ್ಕೆ ಹೋದ್ರೆ ಕಾಫಿಪುಡಿ ಬಣ್ಣದ ಪದರ ಶುರು, ಮೇಲಿಂದ ಇಳಿದ ಸಾವಯವ ಅಂಶ ಅಲ್ಯೂಮಿನಿಯಂ ಜೊತೆ ಸೇರ್ಕೊಂಡು ಅಲ್ಲಿ ಕೂತಿರುತ್ತೆ.

ಇಂಥ ಮಣ್ಣು ಸಾಮಾನ್ಯವಾಗಿ ಹುಳಿ, ಪಿಎಚ್ ಟೆಸ್ಟ್ ಮಾಡಿಸದೆ ಸುಣ್ಣ ಸುರಿಬೇಡಿ. ಗೊಬ್ಬರ ಹಿಡ್ಕೊಳ್ಳೋ ಶಕ್ತಿನೂ ಕಮ್ಮಿ, ಸ್ವಲ್ಪ ಸ್ವಲ್ಪನೇ ಹಲವು ಸಲ ಕೊಡಿ. ಗಿಡಗಳಿಗೆ ಏರುಮಡಿ ಮಾಡಿ, ಬೇರು ಕೊಳೆಯಲ್ಲ. ಒಣಗಾಲ ಬಂತು ಅಂದ್ರೆ ಇದೇ ಜಾಗಕ್ಕೆ ನೀರು ಹಾಯಿಸಬೇಕಾಗುತ್ತೆ, ತಮಾಷೆ ಅಲ್ಲ!