ಖರ್ದುಂಗ್ ಲಾ: ಒಬ್ಬರೇ ಸೈಕಲ್‌ನಲ್ಲಿ ಹತ್ತುವುದು ಹೇಗೆ?

ಖರ್ದುಂಗ್ ಲಾ ಅಂದರೆ ಲಡಾಖ್‌ನ ಬೆಟ್ಟಸಾಲು ದಾಟುವ ಒಂದು ಎತ್ತರದ ಘಾಟಿ ರಸ್ತೆ. ಲೇಹ್ ಪೇಟೆಯಿಂದ ಅದರ ನೆತ್ತಿಗೆ ಸುಮಾರು 39 ಕಿ.ಮೀ. ಲೇಹ್ ಇರುವುದು 3,500 ಮೀಟರ್ ಎತ್ತರದಲ್ಲಿ, ನೆತ್ತಿ ಇರುವುದು 5,359 ಮೀಟರ್‌ನಲ್ಲಿ. ಲೆಕ್ಕ ಹಾಕಿ ನೋಡಿ. ನೂರು ಮೀಟರ್ ದಾರಿಗೆ ಐದು ಮೀಟರ್ ಏರೂ ಇಲ್ಲ. ನಂದಿಬೆಟ್ಟದ ಕೊನೆಯ ತಿರುವುಗಳು ಇದಕ್ಕಿಂತ ಕಡಿದು. ಭಾನುವಾರ ಬೆಳಿಗ್ಗೆ ನಂದಿ ಹತ್ತುವ ಬೆಂಗಳೂರಿನವರ ಕಾಲಿಗೆ ಇದು ಆಗದ ಕೆಲಸವೇನಲ್ಲ.

ಕಷ್ಟ ಇರುವುದು ಗಾಳಿಯಲ್ಲಿ. ಆ ನೆತ್ತಿಯ ಮೇಲೆ ಒಂದು ಉಸಿರಿಗೆ ಸಿಗುವ ಆಮ್ಲಜನಕ, ಮಂಗಳೂರಿನ ಕಡಲ ದಂಡೆಯಲ್ಲಿ ಸಿಗುವುದರ ಹೆಚ್ಚುಕಡಿಮೆ ಅರ್ಧ. ಹಾಗಾಗಿ ಎಲ್ಲ ತಯಾರಿಯೂ ಉಸಿರಿನ ಸುತ್ತಲೇ ಇರಬೇಕು. ನಾನು ಎರಡು ಸಲ ಹೊರಟು ಒಂದು ಸಲ ಹತ್ತಿದವನು. ಮೊದಲ ಸಲ ವಾಪಸ್ ಬಂದಿದ್ದೇ ನಾನು ಮಾಡಿದ ಒಳ್ಳೆಯ ಕೆಲಸ. ಅದನ್ನು ಮುಂದೆ ಹೇಳುತ್ತೇನೆ.

ಮೊದಲ ಐದಾರು ದಿನ

ವಿಮಾನದಲ್ಲಿ ಲೇಹ್‌ಗೆ ಇಳಿದವರು ಮೊದಲ ಎರಡು ದಿನ ಸೈಕಲ್ ಮುಟ್ಟಬೇಡಿ. ಮಲಗಿ, ನೀರು ಕುಡಿಯಿರಿ, ನಿಧಾನಕ್ಕೆ ಪೇಟೆ ಸುತ್ತಿ. ಮದ್ಯ ಬೇಡ. ಮೂರನೇ ದಿನ ಸಿಂಧೂ ನದಿಯ ಪಕ್ಕದ ರಸ್ತೆಯಲ್ಲಿ ಶೇ, ಥಿಕ್ಸೆ ಕಡೆ ಹೋಗಿ ಬನ್ನಿ. ಥಿಕ್ಸೆಗೆ 19 ಕಿ.ಮೀ., ದೊಡ್ಡ ಏರಿಲ್ಲ. ಮನಾಲಿಯಿಂದ ಸೈಕಲ್ ತುಳಿದುಕೊಂಡೇ ಬಂದವರಿಗೆ ಇಷ್ಟು ಕಾಯುವ ಅಗತ್ಯ ಇರುವುದಿಲ್ಲ, ದಾರಿಯಲ್ಲೇ ಮೈ ಒಗ್ಗಿರುತ್ತದೆ.

ಐದನೇ ದಿನ ಬಹಳ ಮುಖ್ಯ. ಅವತ್ತು ಸೌತ್ ಪುಲ್ಲುವರೆಗೆ ಮಾತ್ರ ಹತ್ತಿ. ಲೇಹ್‌ನಿಂದ 24 ಕಿ.ಮೀ. ಮೇಲಿರುವ ಚೆಕ್‌ಪೋಸ್ಟ್ ಇದು. ಎತ್ತರ 4,600 ಮೀಟರ್ ದಾಟುತ್ತದೆ. ಒಂದು ಲೋಟ ಚಹಾ ಕುಡಿದು ಇಳಿದುಬಿಡಿ. ರಾತ್ರಿ ಲೇಹ್‌ನಲ್ಲೇ ಮಲಗಿ. ಮೇಲೆ ಹೋಗಿ ಬಂದು ಕೆಳಗೆ ಮಲಗಿದರೆ ಮೈ ಬೇಗ ಒಗ್ಗುತ್ತದೆ. ಆರನೇ ದಿನ ಪೂರ್ತಿ ವಿಶ್ರಾಂತಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಝೋಲಮೈಡ್ ಮಾತ್ರೆ ತೆಗೆದುಕೊಳ್ಳುವ ಯೋಚನೆ ಇದ್ದರೆ ಊರು ಬಿಡುವ ಮುಂಚೆಯೇ ವೈದ್ಯರನ್ನು ಕೇಳಿ. ಗೆಳೆಯರು ಹೇಳಿದರು ಅಂತ ಸುಮ್ನೆ ನುಂಗಬೇಡಿ.

ಗೇರ್ ಮತ್ತು ಗಂಟು

ಸೈಕಲ್ ದುಬಾರಿಯದೇ ಆಗಬೇಕಿಲ್ಲ, ಗೇರ್ ಮಾತ್ರ ಸರಿಯಾಗಿರಬೇಕು. ಮುಂದಿನ ಚಿಕ್ಕ ಚಕ್ರದ ಹಲ್ಲು ಹಿಂದಿನ ದೊಡ್ಡ ಚಕ್ರದ ಹಲ್ಲಿಗಿಂತ ಕಡಿಮೆ ಇರಲಿ. ನನ್ನದರಲ್ಲಿ ಮುಂದೆ 28, ಹಿಂದೆ 34. ನಿಮಿಷಕ್ಕೆ 60 ಸುತ್ತು ಪೆಡಲ್ ತಿರುಗಿಸಿದರೆ ಗಂಟೆಗೆ ಸುಮಾರು 6 ಕಿ.ಮೀ. ವೇಗ ಬರುತ್ತದೆ. ಚುರುಕಾಗಿ ನಡೆಯುವವರು ನಿಮ್ಮ ಜೊತೆಗೇ ಬರಬಹುದು. ಈ ದಾರಿಗೆ ಅದೇ ಸರಿಯಾದ ವೇಗ.

ಇನ್ನು ಭಾರ. ನೀವು, ಸೈಕಲ್, ಸಾಮಾನು ಎಲ್ಲ ಸೇರಿ ನೂರು ಕಿಲೋ ಅಂದುಕೊಳ್ಳಿ. ಅದರಲ್ಲಿ ಐದು ಕಿಲೋ ಇಳಿಸಿದರೆ ಏರುವ ಶ್ರಮದಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಉಳಿಯುತ್ತದೆ. ಎರಡನೇ ಜೀನ್ಸ್, ದಪ್ಪ ಟವೆಲ್ಲು, ಓದೋಣ ಅಂತ ತಂದ ಪುಸ್ತಕ, ಎಲ್ಲ ಗೆಸ್ಟ್‌ಹೌಸ್‌ನಲ್ಲಿ ಬಿಡಿ. ಎರಡು ಟ್ಯೂಬ್, ಪಂಪ್, ಚೈನ್ ಕೂಡಿಸುವ ಸಾಧನ, ಒಂದು ಜೊತೆ ಬ್ರೇಕ್ ಪ್ಯಾಡ್ ಮಾತ್ರ ಬಿಡಬೇಡಿ. ಬಿಸಿಲು ಅಲ್ಲಿ ಸುಡುತ್ತದೆ, ಹಾಗಾಗಿ ಕಪ್ಪು ಕನ್ನಡಕ ಮತ್ತು ಸನ್‌ಸ್ಕ್ರೀನ್ ಬೇಕೇ ಬೇಕು.

ತಿನ್ನಲು ನಾನು ಒಯ್ದದ್ದು ಕಡಲೆಕಾಯಿ ಚಿಕ್ಕಿ, ಹುರಿದ ಅವಲಕ್ಕಿ ಮತ್ತು ಬೆಲ್ಲ. ಚಳಿಗೆ ಚಿಕ್ಕಿ ಕಲ್ಲಾಯಿತು, ಹಲ್ಲು ಹೋಗುತ್ತದೇನೋ ಅನ್ನಿಸಿತು. ಬೆಲ್ಲವೇ ಕೈಹಿಡಿಯಿತು. ಒಂದು ಚೂರು ದವಡೆಗೆ ಒತ್ತರಿಸಿಕೊಂಡರೆ ಕಾಲು ಗಂಟೆ ಸಾಗುತ್ತದೆ, ಅಗಿಯುತ್ತಾ ಉಸಿರು ಕಟ್ಟುವ ಕಷ್ಟವಿಲ್ಲ. ಎತ್ತರ ಏರಿದ ಹಾಗೆ ಹೊರಗಿನ ಒತ್ತಡ ಇಳಿಯುತ್ತದೆ. ಚೀಲದಲ್ಲಿದ್ದ ಬಿಸ್ಕತ್ ಪೊಟ್ಟಣ ಬಲೂನಿನ ಹಾಗೆ ಉಬ್ಬಿತ್ತು. ಹಸಿವೆ ಆಗುವುದಿಲ್ಲ, ಆದರೂ ಮುಕ್ಕಾಲು ಗಂಟೆಗೊಮ್ಮೆ ಏನಾದರೂ ತಿನ್ನಿ. ನೀರು ಮೂರು ಲೀಟರ್ ಇರಲಿ.

ಹೊರಡುವ ದಿನ

ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಬೆಳಿಗ್ಗೆ ಐದಕ್ಕೆಲ್ಲ ಹೊರಡಿ. ಕಾರಣವಿದೆ. ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ ನೀರು ರಸ್ತೆಗೇ ನುಗ್ಗುತ್ತದೆ. ಬೆಳಿಗ್ಗೆ ಸಣ್ಣ ತೊರೆಯಾಗಿದ್ದದ್ದು ಎರಡು ಗಂಟೆಗೆ ಪಾದ ಮುಳುಗುವಷ್ಟಾಗಿರುತ್ತದೆ. ಒದ್ದೆ ಸಾಕ್ಸ್ ಹಾಕಿಕೊಂಡು ಆ ಚಳಿಯಲ್ಲಿ ಇಳಿಯಬಾರದು.

ಹೊರಡುವ ಮುಂಚೆ ಗೆಸ್ಟ್‌ಹೌಸ್‌ನವರಿಗೆ ಎರಡು ಮಾತು ಹೇಳಿ: ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀರಿ. ಬೇರೆ ರಾಜ್ಯದ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಮೇಲೆ ಅದಕ್ಕೂ ಸಿಗ್ನಲ್ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಗುರುತಿನ ಚೀಟಿ ಜೊತೆಗಿರಲಿ. ಪರ್ಮಿಟ್ ನಿಯಮ ಆಗಾಗ ಬದಲಾಗುತ್ತದೆ, ಲೇಹ್‌ನಲ್ಲೇ ವಿಚಾರಿಸಿ.

ಗಂಗ್ಲೆಸ್ ಹಳ್ಳಿ ದಾಟುವವರೆಗೆ ಹಸಿರು, ಪಾಪ್ಲರ್ ಮರ, 'ಜುಲೇ' ಎಂದು ಕೈಬೀಸುವ ಮಕ್ಕಳು. ಆಮೇಲೆ ಬರೀ ಕಲ್ಲು, ಮಣ್ಣು, ಆಕಾಶ. ತುಳಿತಕ್ಕೆ ಒಂದೇ ನಿಯಮ: ಒಂದು ಪೂರ್ತಿ ವಾಕ್ಯವನ್ನು ಜೋರಾಗಿ ಹೇಳಲು ಆಗಬೇಕು. ನಡುವೆ ಏದುಸಿರು ಬಂದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ. ಸೀಟಿನಿಂದ ಎದ್ದು ತುಳಿಯಬೇಡಿ. ಮೂಗಿನಿಂದ ಎಳೆದು ಬಾಯಿಂದ ಪೂರ್ತಿ ಬಿಡಿ. ಎರಡು ಕಿ.ಮೀ.ಗೊಮ್ಮೆ ಒಂದು ಕಾಲೂರಿ ನಿಂತು, ಉಸಿರು ಹತೋಟಿಗೆ ಬಂದ ಮೇಲೆ ಹೊರಡಿ.

ಸೌತ್ ಪುಲ್ಲು ದಾಟಿದ ಮೇಲೆ ಕೊನೆಯ 15 ಕಿ.ಮೀ. ರಸ್ತೆ ಹಿಮದ ಪೆಟ್ಟು ತಿಂದು ಅಲ್ಲಲ್ಲಿ ಕಿತ್ತಿರುತ್ತದೆ. ನೂಬ್ರಾ ಕಡೆಯ ಟ್ಯಾಕ್ಸಿಗಳು ಬೆಳಿಗ್ಗೆ ಸಾಲಾಗಿ ಬರುತ್ತವೆ. ಹಿಂದಿನಿಂದ ಹಾರ್ನ್ ಕೇಳಿದರೆ ನಿಂತು ದಾರಿ ಬಿಡಿ, ಆದರೆ ಕಣಿವೆಯ ಅಂಚಿಗೆ ಸರಿಯಬೇಡಿ, ಬೆಟ್ಟದ ಬದಿಗೇ ನಿಲ್ಲಿ. ಆಯಾಸವಾದರೆ ಇಳಿದು ತಳ್ಳಿ. ತಳ್ಳಿಕೊಂಡು ಹತ್ತಿದವರೂ ಹತ್ತಿದವರೇ.

ಒಬ್ಬರೇ ಇದ್ದಾಗ ಯಾರು ನೋಡುತ್ತಾರೆ?

ಇಬ್ಬರಿದ್ದರೆ ಒಬ್ಬರ ಮುಖ ನೋಡಿ ಇನ್ನೊಬ್ಬರು 'ಯಾಕೋ ಸರಿಯಿಲ್ಲ' ಅನ್ನುತ್ತಾರೆ. ಒಬ್ಬರೇ ಇದ್ದಾಗ ಆ ಕೆಲಸವನ್ನೂ ನೀವೇ ಮಾಡಬೇಕು. ಎತ್ತರದ ಕಾಯಿಲೆ ಮೊದಲು ಕೆಡಿಸುವುದರಲ್ಲಿ ನಿಮ್ಮ ತೀರ್ಮಾನವೂ ಒಂದು. ನಾನು ಒಂದು ಉಪಾಯ ಮಾಡಿಕೊಂಡಿದ್ದೆ. ನಿಂತಾಗಲೆಲ್ಲ ಹದಿಮೂರರ ಮಗ್ಗಿಯನ್ನು ಬಾಯಿಬಿಟ್ಟು ಹೇಳುವುದು. ಆಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಹತ್ತು ಹೆಜ್ಜೆ ನೇರ ನಡೆಯುವುದು.

ಮೊದಲ ಸಲ, ಸೌತ್ ಪುಲ್ಲುವಿನಿಂದ ಆರು ಕಿ.ಮೀ. ಮೇಲೆ, ಹದಿಮೂರು ಏಳಲೆ ಎಷ್ಟು ಅಂತ ನೆನಪಾಗಲಿಲ್ಲ. ಮತ್ತೆ ಮೊದಲಿಂದ ಹೇಳಿದೆ. ಮತ್ತೆ ಅಲ್ಲೇ ನಿಂತೆ. ಬೆಳಗಿನಿಂದ ಹಣೆಯ ಹಿಂದೆ ಸಣ್ಣ ನೋವಿತ್ತು, ಬೆಲ್ಲ ಕಂಡರೆ ವಾಕರಿಕೆ ಬರುತ್ತಿತ್ತು. ಎದುರಿನ ತಿರುವಿನಲ್ಲಿ ಪ್ರಾರ್ಥನೆಯ ಬಾವುಟಗಳು ಕಾಣುತ್ತಿದ್ದವು. ಸೈಕಲ್ ತಿರುಗಿಸಿದೆ. ಸಾವಿರ ಮೀಟರ್ ಇಳಿಯುವಷ್ಟರಲ್ಲಿ ತಲೆನೋವು ಹೋಗಿ, ತೊಂಬತ್ತೊಂದು ತಾನಾಗಿ ಬಾಯಿಗೆ ಬಂತು. ಮೂರು ದಿನ ಬಿಟ್ಟು ಮತ್ತೆ ಹೊರಟು ಹತ್ತಿದೆ.

ತಲೆನೋವಿನ ಜೊತೆ ವಾಕರಿಕೆ ಬಂದರೆ ಮುಂದೆ ಹೋಗಬೇಡಿ. ಸುಮ್ಮನೆ ಕುಳಿತಾಗಲೂ ಏದುಸಿರು, ಕೆಮ್ಮು, ಹೆಜ್ಜೆ ತಡವರಿಸುವುದು ಕಂಡರೆ ಸೈಕಲ್ ಮರೆತುಬಿಡಿ. ಸಿಕ್ಕ ವಾಹನ ಹತ್ತಿ ಕೆಳಗಿಳಿದು ಆಸ್ಪತ್ರೆಗೆ ಹೋಗಿ.

ನೆತ್ತಿ, ಆಮೇಲೆ ಇಳಿತ

ಹಳೆಯ ಫಲಕದಲ್ಲಿ 18,380 ಅಡಿ ಎಂದಿತ್ತು. ಜಿಪಿಎಸ್ ಅಳತೆಯ ಪ್ರಕಾರ 17,582. ಜಗತ್ತಿನ ಅತಿ ಎತ್ತರದ ವಾಹನ ರಸ್ತೆ ಎಂಬ ಹೆಸರೂ ಈಗ ಇದಕ್ಕಿಲ್ಲ, ಲಡಾಖ್‌ನ ಉಮ್ಲಿಂಗ್ ಲಾ 5,798 ಮೀಟರ್ ಇದೆ. ನಿಮ್ಮ ಕಾಲು ಹತ್ತಿದ್ದಂತೂ ಕಡಿಮೆಯಾಗುವುದಿಲ್ಲ, ಅಲ್ವಾ? ಫೋಟೊ ತೆಗೆಸಿಕೊಳ್ಳಿ, ಬಿಸಿ ಚಹಾ ಕುಡಿಯಿರಿ, ಇಪ್ಪತ್ತು ನಿಮಿಷದೊಳಗೆ ಹೊರಡಿ.

ಹೊರಡುವ ಮುಂಚೆ ಬೆವತ ಅಂಗಿ ಬದಲಿಸಿ. ಜಾಕೆಟ್‌ನ ಒಳಗೆ, ಎದೆಗೆ ಅಡ್ಡವಾಗಿ, ನಾಲ್ಕು ಹಾಳೆ ಪತ್ರಿಕೆ ಇಟ್ಟುಕೊಳ್ಳಿ. ಸೈಕಲ್ ತುಳಿಯುವವರ ಹಳೆಯ ಉಪಾಯ ಇದು, ಎದೆಗೆ ಹೊಡೆಯುವ ಗಾಳಿಯನ್ನು ಚೆನ್ನಾಗಿ ತಡೆಯುತ್ತದೆ. ಕೈಗೆ ದಪ್ಪ ಗ್ಲೌಸ್ ಹಾಕಿ. ಬ್ರೇಕನ್ನು ಸದಾ ಒತ್ತಿ ಹಿಡಿಯಬೇಡಿ, ಹಿಡಿದು ಬಿಟ್ಟು ಮಾಡಿ. ಐದು ಕಿ.ಮೀ.ಗೊಮ್ಮೆ ನಿಂತು ಬೆರಳು ಮಡಚಿ ಬಿಡಿಸಿ. ಪ್ರವಾಸ ಮುಂದುವರಿಸುವವರು ಆಚೆ ಬದಿಗೆ ಇಳಿದು ಖರ್ದುಂಗ್ ಹಳ್ಳಿಯಲ್ಲಿ ರಾತ್ರಿ ಕಳೆಯಬಹುದು. ಅದು 4,000 ಮೀಟರ್‌ಗಿಂತ ಸ್ವಲ್ಪ ಕೆಳಗಿದೆ. ಅಲ್ಲಿ ತಲುಪಿದ ಮೇಲೆ ಬ್ರೇಕ್ ಪ್ಯಾಡ್ ಬಿಚ್ಚಿ ನೋಡಿ. ನನ್ನವು ಬೆಳಿಗ್ಗೆ ಹೊಸದಾಗಿದ್ದವು, ಸಂಜೆಗೆ ಅರ್ಧ ಸವೆದಿದ್ದವು. ಸಂದಿನಲ್ಲಿ ಸಿಕ್ಕಿದ್ದ ಕಲ್ಲಿನ ಚೂರನ್ನು ಗುಂಡುಪಿನ್ನಿನಿಂದ ಕಿತ್ತು ತೆಗೆದೆ.