ಎಲೆಕ್ಷನ್ ಸೋತ ಬೇಜಾರಲ್ಲಿ ಟೀವಿ ನೋಡೋದು ಹೆಂಗೆ? ಮೊದ್ಲು, ಮುಗಿಯೋ ನ್ಯೂಸ್ ಹುಡುಕ್ಕೊಳ್ಳಿ

ನಮ್ಮ ಚಿಕ್ಕಬಳ್ಳಾಪುರದವರಿಗೆ ಸೋಲು ಹೊಸದಲ್ಲ, ಯಾವ ಪಾರ್ಟಿಯವರೇ ಆಗ್ಲಿ. 2023ರ ಮೇ 13ಕ್ಕೆ ಅಸೆಂಬ್ಲಿ ಕೌಂಟಿಂಗಲ್ಲಿ ಮಿನಿಸ್ಟ್ರಾಗಿದ್ದ ಡಾ. ಸುಧಾಕರ್ ಸೋತು ಪ್ರದೀಪ್ ಈಶ್ವರ್ ಗೆದ್ರು, 2024ರ ಜೂನ್ 4ಕ್ಕೆ ಅದೇ ಸುಧಾಕರ್ ಎಂಪಿ ಎಲೆಕ್ಷನಲ್ಲಿ ಗೆದ್ಬಂದ್ರು. ಅಂದ್ರೆ ಹದಿಮೂರು ತಿಂಗಳೊಳಗೆ ಇದೇ ಊರಲ್ಲಿ ಎರಡೂ ಕಡೆಯವರು ಒಂದ್ಸಲ ಪಟಾಕಿ ಹೊಡೆದ್ರು, ಒಂದ್ಸಲ ಬಾಗ್ಲು ಹಾಕ್ಕೊಂಡು ಕೂತ್ರು. ನಾನು ಯಾವ ಸಲ ಬಾಗ್ಲು ಹಾಕ್ಕೊಂಡಿದ್ದೆ ಅಂತ ಹೇಳಲ್ಲ, ಹೇಳಿದ್ರೆ ನಿಮ್ಮಲ್ಲಿ ಅರ್ಧ ಜನ ಇಲ್ಲೇ ಎದ್ದೋಗ್ತೀರ.

ಬಾಗ್ಲು ಹಾಕ್ಕೊಂಡಿದ್ದು ತಪ್ಪಲ್ಲ ಬಿಡಿ, ಒಳಗಡೆ ಟೀವಿ ಹಾಕ್ಕೊಂಡಿದ್ದು ತಪ್ಪು. ಬೆಳಿಗ್ಗೆ ಕಾಫಿ ಜೊತೆ ಶುರುವಾದ್ರೆ ರಾತ್ರಿ ಮುದ್ದೆ ತಣ್ಣಗಾಗೋವರೆಗೂ ಅದೇ ನಾಲ್ಕು ದೃಶ್ಯ, ಅದೇ ಹಾರ, ಅದೇ ಗುಲಾಲು, ಕೆಳಗಡೆ ಕೆಂಪು ಪಟ್ಟಿ, ಪಕ್ಕದಲ್ಲಿ ಆರು ತಲೆ ಕಿರುಚ್ತಾ ಇರ್ತವೆ, ನಾನೂ ಈ ಕಡೆಯಿಂದ ಕಿರುಚ್ತಾ ಇದ್ದೆ, ಅವರಿಗೇನು ಕೇಳಿಸುತ್ತಾ. ಹತ್ತು ದಿನ ಆದ್ಮೇಲೆ ಮನೆಯವಳು ಹೇಳಿದ್ಳು, "ರೀ, ಅವ್ರು ಸೋತಿದ್ದು ಒಂದಿನ, ನೀವು ದಿನಾ ಸೋಲ್ತಾ ಇದ್ದೀರ." ಅವತ್ತು ರಿಮೋಟ್ ಕೆಳಗಿಟ್ಟೆ. ಹಂಗಂತ ನ್ಯೂಸ್ ಪೂರ್ತಿ ಬಿಟ್ಟು ಇರೋಕೂ ನನ್ ಕೈಲಿ ಆಗಲ್ಲ, ಅದಕ್ಕೆ ತಲೆ ಕೆಡದಂಗೆ ನೋಡೋದು ಹೆಂಗೆ ಅಂತ ನಾನೇ ಬಿದ್ದು ಎದ್ದು ಕಲಿತಿದ್ದನ್ನ ಬರೀತಿದ್ದೀನಿ.

ಮೊದಲ್ನೇದು, ಟೀವೀಲಿ ನ್ಯೂಸ್ ಅಂತ ಕರೆಯೋದ್ರಲ್ಲಿ ಮೂರು ಬೇರೆ ಬೇರೆ ಐಟಂ ಇದೆ. ಒಂದು ಬುಲೆಟಿನ್, ಟೈಮಿಗೆ ಶುರುವಾಗಿ ಟೈಮಿಗೆ ಮುಗಿಯುತ್ತೆ. ಇನ್ನೊಂದು ಡಿಬೇಟು. ಮೂರನೇದು ಬ್ರೇಕಿಂಗ್ ಅಂತ ಹಾಕ್ಕೊಂಡು ಬೆಳಿಗ್ಗೆಯಿಂದ ಒಂದೇ ವಿಷಯನ ರುಬ್ಬೋದು. ಸೋತ ಮನಸ್ಸಿಗೆ ಆಗಿಬರೋದು ಮೊದಲ್ನೇದು ಒಂದೇ, ಯಾಕಂದ್ರೆ ಅದಕ್ಕೊಂದು ಕೊನೆ ಇದೆ. ರೇಡಿಯೋದಲ್ಲಿ ಕೊನೇಲಿ "ಇಲ್ಲಿಗೆ ವಾರ್ತೆಗಳು ಮುಕ್ತಾಯವಾದವು" ಅಂತಾರಲ್ಲ, ಆ ಒಂದು ಮಾತು ಕೇಳಿದ್ರೆ ಎದ್ದು ಹೋಗಿ ಬೇರೆ ಕೆಲಸ ನೋಡ್ಕೋಬೋದು. ಇಪ್ಪತ್ನಾಲ್ಕು ಗಂಟೆ ಚಾನೆಲಲ್ಲಿ ಆ ಮಾತು ಯಾರೂ ಹೇಳಲ್ಲ, ಹೇಳಿದ್ರೆ ನೀವು ಎದ್ದೋಗ್ತೀರ ಅಂತ ಅವರಿಗೆ ಗೊತ್ತು.

ಈಗ ಯಾವ ಚಾನೆಲ್ ಅಂತ. ಇದಕ್ಕೆ ನಾನು ಮಾಡಿದ ಪರೀಕ್ಷೆ ಹೇಳ್ತೀನಿ, ನಗಬೇಡಿ. ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಮೂರು ಮನೆ ಮಾಡಿ: "ನಡೆದಿದ್ದು", "ನಡೀಬೋದು", "ಯಾರೋ ಅಂದಿದ್ದು". ಒಂದು ಚಾನೆಲ್ ಹಾಕಿ ಹದಿನೈದು ನಿಮಿಷ ಕೂತು ಅವರು ಹೇಳೋ ಒಂದೊಂದು ಮಾತಿಗೂ ಒಂದೊಂದು ಗೀಟು ಹಾಕ್ತಾ ಹೋಗಿ. ಮೊರದಲ್ಲಿ ರಾಗಿ ಕೇರಿದಂಗೆ, ಕಾಳು ಎಷ್ಟು ಹೊಟ್ಟು ಎಷ್ಟು ಗೊತ್ತಾಗುತ್ತೆ. ನಾನು ರಾತ್ರಿ ಹೊತ್ತು ಒಂದು ಚಾನೆಲ್‌ಗೆ ಹಾಕಿದ್ದೆ, "ನಡೆದಿದ್ದು" ಮನೇಲಿ ಎರಡೇ ಗೀಟು, ಅದ್ರಲ್ಲಿ ಒಂದು ಮಳೆ ಸುದ್ದಿ. ಉಳಿದಿದ್ದೆಲ್ಲ ಮುಂದೆ ಯಾರು ಯಾರಿಗೆ ಕೈ ಕೊಡಬೋದು, ಯಾರು ಯಾವ ರೆಸಾರ್ಟಿಗೆ ಹೋಗಬೋದು, ಒಳಗಡೆ ಮೂಲಗಳು ಏನಂತವೆ, ಇಷ್ಟೇ. ನಮ್ಮ ಕಡೆಯವರೇ ಗೆದ್ದಿದ್ರೂ ಇದೇ ಹೊಟ್ಟು ಬಡಿಸ್ತಿದ್ರು, ಆಗ ನಮಗೆ ರುಚಿಯಾಗಿರ್ತಿತ್ತು ಅಷ್ಟೆ.

ಇನ್ನೊಂದು ಸುಲಭದ್ದು ಇದೆ, ಟೀವಿಗೆ ಬೆನ್ನು ಹಾಕ್ಕೊಂಡು ಸೊಪ್ಪು ಬಿಡಿಸ್ತಾ ಕೂತ್ಕೊಂಡು ಬರೀ ಕಿವೀಲಿ ಕೇಳಿ. ವಿಷಯ ಅರ್ಥ ಆದ್ರೆ ಅದು ನ್ಯೂಸು. ಡಬ್ ಡಬ್ ಅಂತ ಮ್ಯೂಸಿಕ್ಕು, ಒಬ್ರ ಮೇಲೊಬ್ರು ಬೀಳೋ ಸೌಂಡು ಇಷ್ಟೇ ಬಂದ್ರೆ ಚಾನೆಲ್ ಬದಲಾಯ್ಸಿ. ಸೊಪ್ಪಾದ್ರೂ ಕ್ಲೀನಾಗಿರುತ್ತೆ.

ನಮ್ಮನೇಲಿ ಈ ಎರಡೂ ಪರೀಕ್ಷೇಲಿ ಪಾಸಾಗಿದ್ದು ಡಿಡಿ ಚಂದನದ ವಾರ್ತೆ. ಮಕ್ಕಳು "ಅಯ್ಯೋ ಚಂದನಾನಾ" ಅಂತ ಮೂಗು ಮುರೀತಾರೆ, ಮುರೀಲಿ. ಒಬ್ರು ಕೂತು ಓದ್ತಾರೆ, ಓದಿ ಮುಗಿಸ್ತಾರೆ, ಪರದೆ ತುಂಬ ಡಬ್ಬ ಡಬ್ಬ ಇರಲ್ಲ. ತಿಂಗಳಾ ತಿಂಗಳಾ ದುಡ್ಡು ಕಟ್ಟೋ ಹಂಗಿಲ್ಲದ ಡಿಡಿ ಫ್ರೀ ಡಿಶ್ ಇದ್ರೂ ಬರುತ್ತೆ. ಆದ್ರೆ ಒಂದು ಮಾತು, ಅದು ಪ್ರಸಾರ ಭಾರತಿದು, ಸರ್ಕಾರದ ದುಡ್ಡಲ್ಲಿ ನಡೆಯೋದು, ಹಂಗಾಗಿ ಸರ್ಕಾರದ ಮೇಲೆ ಗಟ್ಟಿಯಾಗಿ ಪ್ರಶ್ನೆ ಕೇಳ್ತಾರೆ ಅಂತ ಕಾಯ್ಕೊಂಡು ಕೂರ್ಬೇಡಿ. ಅದಕ್ಕೆ ಬೆಳಿಗ್ಗೆ ಒಂದು ಪೇಪರ್ ಇಟ್ಕೊಳ್ಳಿ. ಸಮಾಧಾನವಾಗಿ ಹೇಳಿದ್ದೆಲ್ಲ ನಿಜ, ಕಿರುಚಿದ್ದೆಲ್ಲ ಸುಳ್ಳು ಅನ್ನೋ ಹಂಗೂ ಇಲ್ಲ, ನಾನು ಹೇಳ್ತಿರೋದು ಬಿಪಿ ವಿಷಯ.

ಪಾರ್ಲಿಮೆಂಟಲ್ಲಿ ಏನಾಯ್ತು ಅಂತ ಬೇಕಿದ್ರೆ ಸಂಸದ್ ಟೀವಿ ಇದೆ, ಲೋಕಸಭಾ ಟೀವಿ ರಾಜ್ಯಸಭಾ ಟೀವಿ ಎರಡನ್ನೂ ಸೇರಿಸಿ 2021ರಲ್ಲಿ ಮಾಡಿದ್ದು. ಅಲ್ಲೂ ಗಲಾಟೆ ಇರುತ್ತೆ ಆದ್ರೆ ಅದು ಅಸಲಿ ಗಲಾಟೆ, ಯಾರು ಏನಂದ್ರು ಅಂತ ನೀವೇ ನೋಡಿರ್ತೀರ, ಮಧ್ಯದಲ್ಲಿ ಇನ್ನೊಬ್ಬ ಒಗ್ಗರಣೆ ಹಾಕಲ್ಲ.

ಮತ್ತೆ ಇವರು ಯಾಕೆ ಹಿಂಗ್ ಕಿರುಚ್ತಾರೆ ಅಂತ ಗೊತ್ತಿದ್ರೆ ಅರ್ಧ ಸಿಟ್ಟು ಇಳಿಯುತ್ತೆ. ಬಾರ್ಕ್ ಅಂತ ಒಂದು ಸಂಸ್ಥೆ ದೇಶದಲ್ಲಿ ಆಯ್ದ ಮನೆಗಳಿಗೆ ಮೀಟರ್ ಇಟ್ಟು ಯಾರು ಏನ್ ನೋಡ್ತಾರೆ ಅಂತ ಲೆಕ್ಕ ಹಾಕುತ್ತೆ, ಅದೇ ಟಿಆರ್‌ಪಿ, ಅದರ ಮೇಲೆ ಜಾಹೀರಾತು ದುಡ್ಡು. 2020ರ ಅಕ್ಟೋಬರಲ್ಲಿ ಟಿಆರ್‌ಪಿ ಗೋಲ್‌ಮಾಲ್ ಅಂತ ಮುಂಬೈಯಲ್ಲಿ ಕೇಸಾದಾಗ ನ್ಯೂಸ್ ಚಾನೆಲ್‌ಗಳ ರೇಟಿಂಗನ್ನೇ ನಿಲ್ಲಿಸಿದ್ರು, ತಿರುಗಿ ಶುರು ಮಾಡಿದ್ದು 2022ರ ಮಾರ್ಚಲ್ಲಿ, ಅದೂ ವಾರವಾರದ ಲೆಕ್ಕ ಬಿಟ್ಟು ನಾಲ್ಕು ವಾರದ ಸರಾಸರಿ. ಸರಿ, ಮಧ್ಯದಲ್ಲಿ ಒಂದೂವರೆ ವರ್ಷ ರೇಟಿಂಗೇ ಇರಲಿಲ್ಲ, ಆಗ ಕಿರುಚಾಟ ಕಮ್ಮಿ ಆಯ್ತಾ ಅಂದ್ರೆ ನನಗಂತೂ ಹಂಗೆ ಕಾಣ್ಲಿಲ್ಲ. ಯಾಕಂದ್ರೆ ಬಾಗೇಪಲ್ಲಿಗೆ ಕ್ಯಾಮೆರಾ ಕಳಿಸಿ ಎರಡು ದಿನ ಸುತ್ತಿಸಿ ಸುದ್ದಿ ಮಾಡೋಕೆ ಗಾಡಿ ಬೇಕು, ಡೀಸೆಲ್ ಬೇಕು, ಸಂಬಳ ಬೇಕು. ಆರು ಜನನ್ನ ವಿಡಿಯೋ ಕಾಲಲ್ಲಿ ಕೂರಿಸಿ ಜಗಳ ಹಚ್ಚೋಕೆ ಏನೂ ಖರ್ಚಿಲ್ಲ.

ಕೌಂಟಿಂಗ್ ದಿನದ ಕಥೇನೂ ಹಿಂಗೇ. ಎಣಿಕೆ ಶುರುವಾಗೋದು ಬೆಳಿಗ್ಗೆ 8ಕ್ಕೆ, ಮೊದಲು ಪೋಸ್ಟಲ್ ಬ್ಯಾಲೆಟ್ಟು, ಅರ್ಧ ಗಂಟೆ ಬಿಟ್ಟು ಇವಿಎಂ. ಆದ್ರೆ ಟೀವೀಲಿ 8 ಗಂಟೆ 5 ನಿಮಿಷಕ್ಕೇ ಒಬ್ರು "ಭಾರೀ ಮುನ್ನಡೆ" ಇರ್ತಾರೆ. ನಿಮ್ಮೋರು ಮುಂದೆ ಅಂತ ಕುಣಿದು, ಹಿಂದೆ ಅಂತ ಕುಸಿದು, ಮಧ್ಯಾಹ್ನದೊಳಗೆ ಮನುಷ್ಯ ಹಣ್ಣುಗಾಯಿ ನೀರುಗಾಯಿ. ಮುಂದಿನ ಸಲ ಹಿಂಗ್ ಮಾಡಿ, ಬೆಳಿಗ್ಗೆ ತೋಟಕ್ಕೋ ಅಂಗಡಿಗೋ ಹೋಗಿ, ಮಧ್ಯಾಹ್ನ ಊಟ ಆದ್ಮೇಲೆ ಒಂದ್ಸಲ ಎಲೆಕ್ಷನ್ ಕಮಿಷನ್ ಅವರ ರಿಸಲ್ಟ್ ಸೈಟ್ ತೆಗೆದು ನೋಡಿ, ಅಲ್ಲಿ ಎಷ್ಟನೇ ರೌಂಡು, ಯಾರಿಗೆಷ್ಟು ವೋಟು ಅಂತ ಇರುತ್ತೆ, ಮ್ಯೂಸಿಕ್ ಇರಲ್ಲ. ಎಕ್ಸಿಟ್ ಪೋಲ್ ಅಂತೂ ನೋಡ್ಲೇಬೇಡಿ. 2024ರಲ್ಲಿ ಜೂನ್ 1ರ ಸಂಜೆ ಬಹುತೇಕ ಎಲ್ರೂ ಎನ್‌ಡಿಎಗೆ 350ರ ಮೇಲೆ ಕೊಟ್ಟಿದ್ರು, ಬಂದಿದ್ದು 293, ಬಿಜೆಪಿಗೆ ಒಂದಕ್ಕೇ 240. ಅಂದ್ರೆ ಮೂರು ದಿನ ಒಂದು ಕಡೆಯವರು ಸುಮ್ಸುಮ್ನೆ ಖುಷಿಪಟ್ರು, ಇನ್ನೊಂದು ಕಡೆಯವರು ಸುಮ್ಸುಮ್ನೆ ಊಟ ಬಿಟ್ರು.

ನಮ್ಮ ಕಡೆ ಇನ್ನೊಂದು ತಾಪತ್ರಯ ಇದೆ, ಬೆಂಗಳೂರು ಮೈಸೂರಿನವರಿಗೆ ಇದು ಗೊತ್ತಾಗಲ್ಲ. ಬಾಗೇಪಲ್ಲಿ, ಗೌರಿಬಿದನೂರು, ಆ ಕಡೆ ಮುಳಬಾಗಲು, ಶ್ರೀನಿವಾಸಪುರ ಇಲ್ಲೆಲ್ಲ ಎಷ್ಟೋ ಮನೇಲಿ ಮಾತು ತೆಲುಗು, ಟೀವೀಲಿ ತೆಲುಗು ನ್ಯೂಸೂ ಓಡುತ್ತೆ. 2024ರ ಜೂನ್ 4ಕ್ಕೆ ಆಂಧ್ರದ ಅಸೆಂಬ್ಲಿ ರಿಸಲ್ಟೂ ಅವತ್ತೇ, ನಮ್ಮತ್ತೆ ಮನೇಲಿ ಮುಂದಿನ ರೂಮಲ್ಲಿ ಕನ್ನಡ, ಒಳಗಡೆ ತೆಲುಗು, ಎರಡು ರಾಜ್ಯದ ದುಃಖ ಒಂದೇ ಮನೇಲಿ. ನಾವು ವೋಟೇ ಹಾಕದಿರೋ ರಾಜ್ಯದ ಸೋಲಿಗೂ ಅಳ್ಬೇಕಾ ಅಂತ ಕೇಳಿದ್ದಕ್ಕೆ ಅತ್ತೆ ಎರಡು ದಿನ ಮಾತಾಡ್ಲಿಲ್ಲ. ಹಂಗಾಗಿ ಇದನ್ನ ನೀವು ಕೇಳೋಕೆ ಹೋಗ್ಬೇಡಿ.

ಸರಿ ರಿಮೋಟ್ ಕೆಲಸಕ್ಕೆ ಬರೋಣ. ಮನಸ್ಸು ಗಟ್ಟಿ ಮಾಡ್ಕೋತೀನಿ ಅನ್ನೋದೆಲ್ಲ ಎರಡು ದಿನದ ಮಾತು, ಕೈ ತಾನಾಗಿ ಆ ನಂಬರಿಗೆ ಹೋಗುತ್ತೆ. ಸೆಟ್‌ಟಾಪ್ ಬಾಕ್ಸಲ್ಲಿ ಫೇವರಿಟ್ ಅಂತ ಒಂದು ಲಿಸ್ಟ್ ಮಾಡಿ, ಅದ್ರಲ್ಲಿ ಚಂದನ, ಒಂದೆರಡು ಸಿನಿಮಾ, ಒಂದು ಕ್ರಿಕೆಟ್ಟು, ಅಷ್ಟೆ ಇರಲಿ. ಆಮೇಲೆ ಚೈಲ್ಡ್ ಲಾಕ್ ಇರುತ್ತೆ, ಮಕ್ಕಳಿಗೆ ಅಂತ ಇಟ್ಟಿರೋದು, ಅದನ್ನ ನಿಮಗೆ ನೀವೇ ಹಾಕ್ಕೊಳ್ಳಿ, ಪಿನ್ ನಂಬರ್ ಮನೆಯವರ ಹತ್ರ ಇರಲಿ. ನಮ್ಮನೇಲಿ ಅದು ಏನು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ, ಮದುವೆ ದಿನಾಂಕ ಹಾಕಿ ನೋಡ್ದೆ, ಆಗ್ಲಿಲ್ಲ. ಇನ್ನೂ ಗಟ್ಟಿ ದಾರಿ ಬೇಕು ಅಂದ್ರೆ ಕೇಬಲ್‌ನವನಿಗೆ ಫೋನ್ ಹಾಕಿ ಆ ಚಾನೆಲ್‌ಗಳನ್ನೇ ತೆಗೆಸಿ. 2019ರ ಫೆಬ್ರವರಿಯಿಂದ ಟ್ರಾಯ್ (ಫೋನು, ಕೇಬಲ್‌ನವರಿಗೆ ರೂಲ್ ಮಾಡೋ ಕೇಂದ್ರದ ಸಂಸ್ಥೆ) ರೂಲ್ ಪ್ರಕಾರ ಯಾವ ಚಾನೆಲ್ ಬೇಕು ಯಾವುದು ಬೇಡ ಅಂತ ಆರಿಸ್ಕೊಳ್ಳೋದು ನಮ್ಮಿಷ್ಟ. ಬಿಲ್ ಕಮ್ಮಿ ಆಗುತ್ತೆ ಅಂತ ಆಸೆ ಇಟ್ಕೋಬೇಡಿ, ನ್ಯೂಸ್ ಚಾನೆಲಲ್ಲಿ ಬಹಳಷ್ಟು ಫ್ರೀ, ಇಲ್ಲಾ ಚಿಲ್ಲರೆ ಕಾಸು.

ಮನೇಲಿ ವಯಸ್ಸಾದವರಿದ್ರೆ ಈ ಲಾಕು ಗೀಕು ನಡೆಯಲ್ಲ. ನಮ್ಮಪ್ಪಂಗೆ ಎಪ್ಪತ್ತು ದಾಟಿದೆ, ಬಿಪಿ ಮಾತ್ರೆ ನುಂಗಿ ಡಿಬೇಟ್ ಹಾಕ್ಕೊಂಡು ಕೂರೋರು. ಕಿತ್ಕೊಂಡ್ರೆ ಜಗಳ. ನಾನು ಮಾಡಿದ್ದು ಇಷ್ಟೇ, ಡಿಬೇಟ್ ಶುರುವಾಗೋ ಟೈಮಿಗೆ ಸರಿಯಾಗಿ "ಅಪ್ಪ, ಬನ್ನಿ, ಹಂಗೇ ಒಂದು ರೌಂಡ್ ನಡ್ಕೊಂಡು ಬರೋಣ" ಅಂತ ಕರ್ಕೊಂಡು ಹೋಗೋದು. ಮೊದಲ ವಾರ ಗೊಣಗಿದ್ರು. ಈಗ ಬಸ್‌ಸ್ಟ್ಯಾಂಡ್ ಹತ್ರ ನಾಲ್ಕು ಜನ ಸ್ನೇಹಿತರು ಸಿಕ್ಕಿದ್ದಾರೆ, ಡಿಬೇಟ್ ಅಲ್ಲೇ ನಡೆಯುತ್ತೆ, ಆದ್ರೆ ಎದುರಿಗಿರೋರು ವಾಪಸ್ ಉತ್ತರ ಕೊಡ್ತಾರೆ, ಟೀ ಕುಡಿದು ಮುಗಿಸ್ತಾರೆ.

ಯೂಟ್ಯೂಬ್ ಬಗ್ಗೆ ಎರಡೇ ಮಾತು: ಆಟೋಪ್ಲೇ ಆಫ್ ಮಾಡಿ, ವಾಚ್ ಹಿಸ್ಟರಿ ಅಳಿಸಿ. ಇಲ್ಲಾಂದ್ರೆ ಮುಂದಿನ ಬಾಗಿಲಿಂದ ಓಡಿಸಿದ್ದು ಹಿತ್ತಲಿಂದ ಬರುತ್ತೆ.

ಚಾನೆಲ್‌ನವರು ತೀರಾ ಹದ್ದು ಮೀರಿ ಸುಳ್ಳು ಹೇಳಿದ್ರು, ಯಾವುದೋ ಜಾತಿ ಧರ್ಮದವರ ಮೇಲೆ ಎತ್ತಿ ಕಟ್ಟಿದ್ರು ಅಂದ್ರೆ ಟೀವಿ ಮುಂದೆ ಬೈಯೋ ಬದ್ಲು ತಾರೀಕು, ಟೈಮು, ಪ್ರೋಗ್ರಾಮ್ ಹೆಸರು ಬರ್ಕೊಂಡು ಚಾನೆಲ್‌ಗೇ ಕಂಪ್ಲೇಂಟ್ ಕಳಿಸಿ. 2021ರಲ್ಲಿ ಕೇಬಲ್ ಟೀವಿ ನಿಯಮಕ್ಕೆ ತಿದ್ದುಪಡಿ ಮಾಡಿದ್ದಾರೆ, ಚಾನೆಲ್‌ನವರು 15 ದಿನದೊಳಗೆ ತೀರ್ಮಾನ ಹೇಳ್ಬೇಕು, ಅದು ಸರಿ ಅನ್ನಿಸ್ಲಿಲ್ಲ ಅಂದ್ರೆ ಅವರು ಸೇರಿರೋ ಸಂಘಕ್ಕೆ ಹೋಗ್ಬೋದು.

ಇನ್ನು ಖಾಲಿಯಾದ ಟೈಮಲ್ಲಿ ಏನ್ ನೋಡೋದು ಅಂದ್ರೆ ನಾನು ಊರಿನ ಸುದ್ದಿ ಕಡೆ ತಿರುಗಿದೆ. ಶಿಡ್ಲಘಟ್ಟದ ಮಾರ್ಕೆಟ್ಟಲ್ಲಿ ರೇಷ್ಮೆ ಗೂಡಿನ ರೇಟು, ಕೋಲಾರದ ಎಪಿಎಂಸೀಲಿ ಟೊಮ್ಯಾಟೊ, ಹಾಲಿನ ರೇಟು, ಬೆಂಗಳೂರಿನ ಚರಂಡಿ ನೀರನ್ನ ಎರಡು ಸಲ ಶುದ್ಧ ಮಾಡಿ ನಮ್ಮ ಕೆರೆಗೆ ಬಿಡ್ತಾರಲ್ಲ, ಅದನ್ನ ಮೂರನೇ ಸಲಾನೂ ಶುದ್ಧ ಮಾಡಿ ಬಿಡಿ ಅಂತ ಇಲ್ಲಿನವರು ಎಷ್ಟು ವರ್ಷದಿಂದ ಕೇಳ್ತಾನೇ ಇದ್ದಾರೆ, ಇದು ರಾತ್ರಿ 9ರ ಡಿಬೇಟಲ್ಲಿ ಬಂದಿದ್ದು ನಾನು ನೋಡಿಲ್ಲ. ಲೋಕಲ್ ಪೇಜ್ ಓದಿ, ಲೋಕಲ್ ಕೇಬಲ್‌ನವರು ಏನಾದ್ರೂ ಹಾಕ್ತಾರಾ ನೋಡಿ. ಇಲ್ಲಿ ಸಿಟ್ಟು ಬಂದ್ರೆ ಎದ್ದು ಹೋಗಿ ಕೇಳೋಕೆ ಒಂದು ಆಫೀಸಾದ್ರೂ ಇದೆ, ಬಸ್ಸಲ್ಲಿ ಹೋಗಿ ಬರೋಷ್ಟು ದೂರದಲ್ಲಿ.

ಮೊನ್ನೆ ಕೇಬಲ್‌ನವನು ಬಂದಿದ್ದ, ದುಡ್ಡು ಇಸ್ಕೊಂಡು "ಅಣ್ಣ, ತೆಗೆಸಿದ್ರಲ್ಲ ಆ ನಾಲ್ಕು ಚಾನೆಲ್ಲು, ತಿರ್ಗಾ ಹಾಕ್ಲಾ?" ಅಂದ. ಜಿಲ್ಲಾ ಪಂಚಾಯ್ತಿ ಎಲೆಕ್ಷನ್ ಬಂದಾಗ ನೋಡೋಣ ಹೋಗಪ್ಪ ಅಂದೆ. "ಅಂಗಾದ್ರೆ ಸದ್ಯಕ್ಕಿಲ್ಲ ಬಿಡಿ" ಅಂತ ನಗ್ತಾ ಗಾಡಿ ಸ್ಟಾರ್ಟ್ ಮಾಡಿದ.