ದುಂಡು ಸೇವಂತಿಗೆಗೆ ನಾಲ್ಕು ಮೂಲೆ

ನಮ್ಮ ಚಿಕ್ಕಬಳ್ಳಾಪುರದ ಕಡೆ ಕ್ರೋಶಾ (ಕೊಕ್ಕೆ ಕಡ್ಡಿಯ ಹೆಣಿಗೆ) ಅಂದರೆ ಸೀರೆ ಕುಚ್ಚು. ಶಿಡ್ಲಘಟ್ಟ, ಚಿಂತಾಮಣಿಯ ಬೀದಿಗಳಲ್ಲಿ ಸೆರಗನ್ನು ಮಡಿಲಲ್ಲಿ ಹರಡಿಕೊಂಡು ಸಣ್ಣ ಕಡ್ಡಿ ಆಡಿಸುವವರು ಒಬ್ಬರಾದರೂ ಕಾಣುತ್ತಾರೆ. ಮದುವೆ ಸೀಸನ್ನಿನಲ್ಲಂತೂ ಅವರಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ಆ ಕೈಗಳಿಗೆ ಗ್ರ್ಯಾನಿ ಸ್ಕ್ವೇರ್ ಕಷ್ಟವೇ ಅಲ್ಲ. ದಾರ ದಪ್ಪ, ಕಡ್ಡಿ ದಪ್ಪ, ಅಷ್ಟೇ ವ್ಯತ್ಯಾಸ. ಕುಚ್ಚು ಹಾಕುವಾಗ ಕಣ್ಣು ಕಿರಿದು ಮಾಡಿಕೊಂಡು ಕೂರಬೇಕು. ಇದನ್ನು ಸೀರಿಯಲ್ ನೋಡುತ್ತಾ ಹಾಕಬಹುದು.

ಗ್ರ್ಯಾನಿ ಸ್ಕ್ವೇರ್ ಅಂದರೆ ನಡುವಿನಿಂದ ಶುರುವಾಗಿ ಸುತ್ತು ಸುತ್ತಾಗಿ ಬೆಳೆಯುವ ಉಲ್ಲನ್ ಚೌಕ. 1885ರಲ್ಲೇ ಅಮೆರಿಕದ ‘ಪ್ರೇರಿ ಫಾರ್ಮರ್’ ಎಂಬ ರೈತರ ಪತ್ರಿಕೆಯಲ್ಲಿ ಇಂಥ ಚೌಕದ ಮಾದರಿ ಅಚ್ಚಾಗಿತ್ತು. ಮಿಕ್ಕ ದಾರವನ್ನು ಬಿಸಾಡದೆ ಮುಗಿಸುವ ಉಪಾಯ ಅದು. ನಮ್ಮ ಅಜ್ಜಿಯರು ಹಳೇ ಸೀರೆಯಲ್ಲಿ ಬೊಂತೆ ಹೊಲಿದ ಲೆಕ್ಕವೇ. ಮಾಮೂಲಿ ಗ್ರ್ಯಾನಿ ಮೊದಲ ಸುತ್ತಿನಿಂದಲೇ ಚೌಕವಾಗಿರುತ್ತದೆ. ನಾನು ಹೇಳುತ್ತಿರುವುದು ನಡುವೆ ದುಂಡು ಹೂವಿದ್ದು, ಹೊರಗೆ ಚೌಕವಾಗುವ ಬಗೆ. ಹಳದಿ ದಾರದಲ್ಲಿ ಶುರು ಮಾಡಿದರೆ ನಮ್ಮೂರಿನ ಸೇವಂತಿಗೆಯೇ.

ಮೊದಲು ದಾರ

ಅಂಗಡಿಯಲ್ಲಿ 4 ಪ್ಲೈ ಅಕ್ರಿಲಿಕ್ ಉಲ್ಲನ್ ಕೇಳಿ, ಮೂರು ಬಣ್ಣ ಸಾಕು. ಕಡ್ಡಿ 3.5 ಅಥವಾ 4 ಮಿಲಿಮೀಟರಿನದು. ಕುಚ್ಚಿನ ಕಡ್ಡಿ ಇದಕ್ಕೆ ಬರುವುದಿಲ್ಲ, ದಾರ ಸೀಳುತ್ತದೆ. ಹೊರಗಿನ ಸುತ್ತಿಗೆ ಯಾವ ಬಣ್ಣ ಬೇಕೋ ಅದನ್ನು ಮಾತ್ರ ಒಂದೇ ಸಲ ಪೂರ್ತಿ ತಂದುಬಿಡಿ. ಉಂಡೆಯ ಚೀಟಿಯ ಮೇಲೆ ಬಣ್ಣದ ನಂಬರಿನ ಜೊತೆ ಲಾಟ್ ನಂಬರ್, ಅಂದರೆ ಒಟ್ಟಿಗೆ ಬಣ್ಣ ಹಾಕಿದ ಕಂತಿನ ಗುರುತು, ಇರುತ್ತದೆ. ನಾನೊಮ್ಮೆ ನೋಡದೆ ತಂದೆ. ಅಂಗಡಿಯವರು ‘ಎಲ್ಲಾ ಒಂದೇ ಬಿಳಿ, ತಗೊಳ್ಳಿ’ ಅಂದರು. ಕುಶನ್ ಕವರಿನ ಅರ್ಧ ಹಾಲಿನ ಬಿಳಿ, ಅರ್ಧ ಮಜ್ಜಿಗೆ ಬಿಳಿ ಆಯಿತು.

ಎರಡೇ ಹೊಲಿಗೆ

ಚೈನ್ (ಕುಣಿಕೆಯೊಳಗಿಂದ ದಾರ ಎಳೆಯುತ್ತಾ ಹೋಗುವ ಸರಪಳಿ) ಹಾಕಲು ಬಂದರೆ ಇನ್ನು ಮುಖ್ಯವಾಗಿ ಕಲಿಯಬೇಕಾದದ್ದು ಎರಡೇ. ಒಂದು ಕಂಬ. ಕಡ್ಡಿಗೆ ದಾರ ಒಮ್ಮೆ ಸುತ್ತಿ, ಸಂದಿಗೆ ತೂರಿಸಿ, ದಾರ ಈಚೆ ಎಳೆಯಿರಿ. ಕಡ್ಡಿಯ ಮೇಲೆ 3 ಕುಣಿಕೆ ಇರುತ್ತವೆ. ದಾರ ಹಿಡಿದು 2 ಕುಣಿಕೆಯಿಂದ ಎಳೆಯಿರಿ, ಮತ್ತೆ ಹಿಡಿದು ಉಳಿದ 2ರಿಂದ ಎಳೆಯಿರಿ. ಇನ್ನೊಂದು ಅರ್ಧ ಕಂಬ. ಅಲ್ಲಿ ಮೂರೂ ಕುಣಿಕೆಯಿಂದ ಒಂದೇ ಏಟಿಗೆ ಎಳೆದುಬಿಡುವುದು. ಹಾಗಾಗಿ ಅದು ಗಿಡ್ಡ.

ಯೂಟ್ಯೂಬ್ ನೋಡಿ ಕಲಿಯುವವರಿಗೆ ಒಂದು ಮಾತು. ಅಮೆರಿಕದವರು ‘ಡಬಲ್ ಕ್ರೋಶೆ’ ಅನ್ನುವ ಕಂಬವನ್ನೇ ಇಂಗ್ಲೆಂಡಿನವರು ‘ಟ್ರೆಬಲ್’ ಅನ್ನುತ್ತಾರೆ. ಇಂಗ್ಲೆಂಡಿನವರ ‘ಡಬಲ್’ ನಮ್ಮ ಅರ್ಧ ಕಂಬಕ್ಕಿಂತಲೂ ಗಿಡ್ಡ. ವಿಡಿಯೊ ಒಂದು ದೇಶದ್ದು, ಪುಸ್ತಕ ಇನ್ನೊಂದು ದೇಶದ್ದು ಆದರೆ ಕೆಲಸ ಕೆಟ್ಟಿತು.

ದುಂಡು: ಮೂರು ಸುತ್ತು

4 ಚೈನ್ ಹಾಕಿ, ಮೊದಲ ಚೈನಿಗೆ ಸ್ಲಿಪ್ ಸ್ಟಿಚ್‌ನಿಂದ ಸೇರಿಸಿ. ಅಂದರೆ ಆ ಚೈನಿಗೆ ಕಡ್ಡಿ ತೂರಿಸಿ, ದಾರ ಹಿಡಿದು, ಕಡ್ಡಿಯ ಮೇಲಿನ ಕುಣಿಕೆಯಿಂದಲೂ ಒಂದೇ ಏಟಿಗೆ ಎಳೆಯುವುದು. ಸಣ್ಣ ಬಳೆಯಂತಾಗುತ್ತದೆ. ದಾರದ ಬಾಲ ನಾಲ್ಕು ಬೆರಳಿನಷ್ಟಾದರೂ ಬಿಟ್ಟಿರಬೇಕು. ಆ ಬಾಲವನ್ನು ಬಳೆಯ ಮೇಲೇ ಹಿಡಿದುಕೊಂಡು ಅದರ ಮೇಲೆ ಕಂಬ ಹಾಕುತ್ತಾ ಹೋದರೆ ಅದು ಒಳಗೇ ಮುಚ್ಚಿಹೋಗುತ್ತದೆ.

ಈಗ 3 ಚೈನ್ ಹಾಕಿ. ಇದು ಮೊದಲನೇ ಕಂಬದ ಲೆಕ್ಕ. ಬಳೆಯೊಳಗೆ ಇನ್ನೂ 11 ಕಂಬ ಹಾಕಿ. ಒಟ್ಟು 12. ಮೊದಲ ಮೂರು ಚೈನಿನ ತುದಿಗೆ ಸೇರಿಸಿ ಮುಚ್ಚಿ.

ಎರಡನೇ ಸುತ್ತಿನಲ್ಲಿ ಕಂಬದ ತಲೆಯ ಮೇಲೆ ಹಾಕಬೇಡಿ. ಕಂಬ ಕಂಬದ ನಡುವಿನ ಸಂದಿಗೆ ಕಡ್ಡಿ ತೂರಿಸಿ. ಹತ್ತಿರದಿಂದ ನೋಡಿದರೆ ಮೇಲ್ಗಡೆ ಜಡೆ ಹೆಣೆದ ಹಾಗೆ ಕಾಣುತ್ತದಲ್ವಾ? ಅದರ ಕೆಳಗೆ, ಎರಡು ಕಾಲುಗಳ ಮಧ್ಯೆ ಬೆಳಕು ಕಾಣುವ ಜಾಗವೇ ಸಂದಿ. ಒಂದೊಂದು ಸಂದಿಗೂ 2 ಕಂಬ. 12 ಜೋಡಿ, ಅಂದರೆ 24.

ಮೂರನೇ ಸುತ್ತಿಗೆ ಬಣ್ಣ ಬದಲಿಸಿ. ಜೋಡಿ ಜೋಡಿಯ ನಡುವಿನ ಸಂದಿಗೆ 3 ಕಂಬ. 12 ಗೊಂಚಲು, 36 ಕಂಬ. ಪ್ರತಿ ಸುತ್ತಿನ ಶುರುವಿನಲ್ಲೂ 3 ಚೈನ್ ಒಂದು ಕಂಬವೇ, ಮರೆಯಬೇಡಿ. ಪ್ರತಿ ಬಣ್ಣವನ್ನೂ ಬೇರೆ ಬೇರೆ ಜಾಗದಿಂದ ಶುರು ಮಾಡಿ. ಇಲ್ಲದಿದ್ದರೆ ಎಲ್ಲಾ ಗಂಟೂ ಒಂದೇ ಕಡೆ ಸೇರಿ ಗಡ್ಡೆ ಕಟ್ಟುತ್ತದೆ.

12, 24, 36. ಪ್ರತಿ ಸುತ್ತಿಗೂ 12 ಜಾಸ್ತಿಯಾಗುತ್ತಾ ಹೋದರೆ ದುಂಡು ಮಟ್ಟಸವಾಗಿ ಕೂರುತ್ತದೆ. ಕಡಿಮೆಯಾದರೆ ಟೋಪಿಯ ಹಾಗೆ ಮುದುಡುತ್ತದೆ. ಹೆಚ್ಚಾದರೆ ಎಣ್ಣೆಗೆ ಬಿದ್ದ ಹಪ್ಪಳದ ಅಂಚು.

ಚೌಕವಾಗುವ ಸುತ್ತು

ಎಲ್ಲರೂ ತಪ್ಪುವುದು ಇಲ್ಲೇ. ಚೌಕದ ಟಿಫಿನ್ ಡಬ್ಬಿಯಲ್ಲಿ ದುಂಡು ಚಪಾತಿ ಇಟ್ಟು ನೋಡಿ. ನಾಲ್ಕೂ ಬದಿಗೆ ಚಪಾತಿ ತಾಗುತ್ತದೆ, ನಾಲ್ಕೂ ಮೂಲೆ ಖಾಲಿ. ನಾಲ್ಕನೇ ಸುತ್ತಿನ ಕೆಲಸ ಆ ಖಾಲಿ ಮೂಲೆ ತುಂಬುವುದು. ಆದ್ದರಿಂದ ಮೂಲೆಗೆ ಎತ್ತರದ ಹೊಲಿಗೆ, ಬದಿಯ ನಡುವಿಗೆ ಗಿಡ್ಡ ಹೊಲಿಗೆ. ಎಲ್ಲಾ ಕಡೆಯೂ ಪೂರ್ತಿ ಕಂಬವನ್ನೇ ಹಾಕಿದರೂ ಚೌಕ ಆಗುತ್ತದೆ, ಆದರೆ ಬದಿಗಳು ಹೊಟ್ಟೆ ಬಿಟ್ಟುಕೊಳ್ಳುತ್ತವೆ.

ಮೂರನೇ ಸುತ್ತಿನ ಗೊಂಚಲುಗಳ ನಡುವೆ 12 ಸಂದಿ ಇವೆ. ಒಂದಕ್ಕೆ ಸೇಫ್ಟಿ ಪಿನ್ ಹಾಕಿ, ಎರಡು ಬಿಡಿ, ಮತ್ತೊಂದಕ್ಕೆ ಹಾಕಿ. ಹೀಗೆ ನಾಲ್ಕು ಪಿನ್. ಎಲ್ಲೆಡೆ ನಡುವೆ ಎರಡೆರಡೇ ಸಂದಿ ಉಳಿದರೆ ಲೆಕ್ಕ ಸರಿ. ಎಲ್ಲಾದರೂ ಮೂರು ಉಳಿದರೆ ಈಗಲೇ ಬಿಚ್ಚಿ. ಕ್ರೋಶಾದಲ್ಲಿ ಕಡ್ಡಿಯ ಮೇಲೆ ಇರುವುದು ಒಂದೇ ಕುಣಿಕೆ, ದಾರ ಎಳೆದರೆ ಸರಸರ ಬಿಚ್ಚುತ್ತದೆ. ನನ್ನ ಮೊದಲ ಚೌಕಕ್ಕೆ ನಾನು ಪಿನ್ ಹಾಕಿರಲಿಲ್ಲ. ಮೊದಲ ಸುತ್ತಿನಲ್ಲಿ 3 ಚೈನನ್ನು ಲೆಕ್ಕಕ್ಕೆ ಹಿಡಿಯದೆ 12 ಕಂಬ ಹಾಕಿದ್ದೆ. ಒಟ್ಟು 13 ಆಗಿತ್ತು. ನಾಲ್ಕನೇ ಬದಿ ಉದ್ದವಾಗಿ ಸೊಟ್ಟಗಾಯಿತು. ಅಮ್ಮ ನೋಡಿ ‘ಇದೇನೇ, ಗಾಳಿಪಟಾನಾ?’ ಅಂದರು.

ಪಿನ್ ಇರುವ ಸಂದಿಗೆ 3 ಕಂಬ, 2 ಚೈನ್, ಅದೇ ಸಂದಿಗೆ ಮತ್ತೆ 3 ಕಂಬ. ಇದು ಮೂಲೆ. ಮುಂದಿನ ಎರಡು ಸಂದಿಗೆ ಮೂರು ಮೂರು ಅರ್ಧ ಕಂಬ. ಮತ್ತೆ ಪಿನ್ ಸಿಗುತ್ತದೆ, ಮತ್ತೆ ಮೂಲೆ. ಸುತ್ತು ಮುಗಿದಾಗ 24 ಕಂಬ, 24 ಅರ್ಧ ಕಂಬ ಇರಬೇಕು. ಎರಡನೇ ಮೂಲೆ ಮುಗಿಯುವ ತನಕ ಇದು ಏನೋ ಎಡವಟ್ಟಿನಂತೆ ಕಾಣುತ್ತದೆ. ಗಾಬರಿಯಾಗಿ ಬಿಚ್ಚಬೇಡಿ.

ಐದನೇ ಸುತ್ತು ಮಾಮೂಲಿ ಗ್ರ್ಯಾನಿ. ಮೂಲೆಯ 2 ಚೈನಿನ ಒಳಗೆ 3 ಕಂಬ, 2 ಚೈನ್, 3 ಕಂಬ. ಬದಿಯಲ್ಲಿ ಈಗ ಮೂರು ಸಂದಿ ಇರುತ್ತವೆ, ಒಂದೊಂದಕ್ಕೂ 3 ಕಂಬ. ಒಟ್ಟು 60. ಇನ್ನೂ ದೊಡ್ಡದು ಬೇಕಾದರೆ ಹಾಗೇ ಮುಂದುವರಿಸಿ, ಸುತ್ತಿಗೆ 12 ಕಂಬ ಜಾಸ್ತಿ. ಐದು ಸುತ್ತಿಗೆ ನನ್ನ ಕೈಯಲ್ಲಿ ಸುಮಾರು 5 ಇಂಚು ಬರುತ್ತದೆ. ಕೈ ಬಿಗಿಯಾದರೆ ಕಡಿಮೆ, ಸಡಿಲವಾದರೆ ಜಾಸ್ತಿ. ಮೂರು ಸಾಲಿನಲ್ಲಿ ಮೂರು ಮೂರರಂತೆ 9 ಚೌಕ ಜೋಡಿಸಿದರೆ 16 ಇಂಚಿನ ಕುಶನ್ನಿನ ಒಂದು ಮುಖ. ಕವರ್ ಒಂದಿಂಚು ಚಿಕ್ಕದಿದ್ದರೇ ಬಿಗಿಯಾಗಿ ಕೂರುತ್ತದೆ.

ಜೋಡಿಸುವ ಮುಂಚೆ

ಗಣೇಶನ ಹಬ್ಬದಲ್ಲಿ ಉಳಿದ ಥರ್ಮಾಕೋಲ್ ಮನೆಯಲ್ಲಿದ್ದರೆ ತೆಗೆಯಿರಿ. ಅದರ ಮೇಲೆ ಪೆನ್ಸಿಲಿನಲ್ಲಿ 5 ಇಂಚಿನ ಚೌಕ ಬರೆದು, ಹೆಣೆದದ್ದನ್ನು ಒದ್ದೆ ಮಾಡಿ ಹಿಂಡಿ, ಮೂಲೆ ಎಳೆದು ಗುಂಡುಪಿನ್ ಚುಚ್ಚಿ. ಒಂದು ರಾತ್ರಿ ಒಣಗಲಿ. ಎಲ್ಲಾ ಚೌಕವೂ ಒಂದೇ ಅಳತೆಗೆ ಬರುತ್ತದೆ. ಇಸ್ತ್ರಿ ಪೆಟ್ಟಿಗೆ ತಾಗಿಸಬೇಡಿ, ಅಕ್ರಿಲಿಕ್ ಚಪ್ಪಟೆಯಾಗಿ ಜೀವ ಕಳೆದುಕೊಳ್ಳುತ್ತದೆ. ಅದೇ ಕಾರಣಕ್ಕೆ ಬಿಸಿ ಕುಕ್ಕರ್ ಕೆಳಗೂ ಇದನ್ನು ಇಡಬಾರದು. ಅದಕ್ಕೆ ಹತ್ತಿ ದಾರದಲ್ಲಿ ಬೇರೆ ಹಾಕಿಕೊಳ್ಳಿ.